ಮಾತಿನ ಬಾಲ: ಬಳ್ಳಾರಿ ಸೀಮೆಯ ಮಕ್ಕಳು ಓದು ಕಲಿತ ಬಗೆ

ಊರು ಎಂಬ ಮಾತು ನಮ್ಮ ಗಡಿಯ ಈಚೆಗೂ ಊರು, ಆಚೆಗೂ ಊರು. ಕನ್ನಡದಲ್ಲಿ ಊರಿಗೆ ಹೊರಟವನು ತೆಲುಗಿನಲ್ಲಿ ಊರಿಕಿ ಹೊರಡುತ್ತಾನೆ. ಊರಿಂದ ಬಂದವನು ಊರಿ ನುಂಚಿ ಬರುತ್ತಾನೆ. ಊರಲ್ಲಿ ಇರುವವನು ಊಳ್ಳೋ ಇರುತ್ತಾನೆ. ಮಾತಿನ ತಲೆ ಬಹುಮಟ್ಟಿಗೆ ಹಾಗೆಯೇ ನಿಂತಿದೆ, ಹಿಂದಿನ ಬಾಲ ಮಾತ್ರ ಬೇರೆಯಾಗಿದೆ. ಈ ಬಾಲಕ್ಕೆ ಪಂಡಿತರು ವಿಭಕ್ತಿ ಪ್ರತ್ಯಯ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ವಸ್ತು ಚಿಕ್ಕದು. ಆದರೆ ಈ ಚಿಕ್ಕ ವಸ್ತುವೇ ನಮ್ಮ ಮಕ್ಕಳ ಓದನ್ನು ಹಿಡಿದು ನಿಲ್ಲಿಸುತ್ತದೆ ಅಥವಾ ಮುಂದಕ್ಕೆ ತಳ್ಳುತ್ತದೆ. ಆ ಸಂಗತಿಯ ಹಿಂದಿರುವ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಬಾಲದ ಬೆಲೆ ನನಗೆ ತಿಳಿದದ್ದು ವ್ಯಾಕರಣ ಪುಸ್ತಕದಿಂದಲ್ಲ, ಕೌಂಟರಿನಲ್ಲಿ ಕೂತು. ತಿಮ್ಮಪ್ಪನಿಗೆ ಐದು ಸಾವಿರ ಎಂದರೆ ಹಣ ಒಂದು ಕಡೆಗೆ ಹರಿಯುತ್ತದೆ, ತಿಮ್ಮಪ್ಪನಿಂದ ಐದು ಸಾವಿರ ಎಂದರೆ ಅದೇ ಹಣ ತಿರುಗಿ ಇನ್ನೊಂದು ಕಡೆಗೆ ಹರಿಯುತ್ತದೆ. ತಿಮ್ಮಪ್ಪನೂ ಅವನೇ, ಐದು ಸಾವಿರವೂ ಅದೇ. ರುಜು ಹಾಕಲು ಬರುತ್ತಿದ್ದವರು, ಅಕ್ಷರ ಒಂದೊಂದಾಗಿ ಗುರುತಿಸಬಲ್ಲವರು, ಒಂದು ಸಾಲಿನ ಕಾಗದವನ್ನು ಕೈಯಲ್ಲಿ ಹಿಡಿದು 'ಇದರಲ್ಲಿ ಏನೈತಿ ನೋಡಿ ಹೇಳ್ರಿ ಸಾಮಿ' ಎಂದು ಕೇಳುವುದನ್ನು ಎಷ್ಟೋ ವರ್ಷ ಕಂಡಿದ್ದೇನೆ. ಅವರಿಗೆ ಅಕ್ಷರ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಈ ಎರಡರ ನಡುವಿನ ಹಳ್ಳ ಇವತ್ತಿನದಲ್ಲ. ಇನ್ನೂರು ವರ್ಷದ ಹಿಂದೆ, ಇದೇ ಸೀಮೆಯಲ್ಲಿ, ಒಬ್ಬ ಇಂಗ್ಲಿಷ್ ಅಧಿಕಾರಿ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಅವನ ಹೆಸರು ಎ. ಡಿ. ಕ್ಯಾಂಪ್‌ಬೆಲ್. ಬಳ್ಳಾರಿಯ ಕಲೆಕ್ಟರ್. ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಇಂದಿನ ಜಿಲ್ಲೆಯಲ್ಲ. ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ದೊಡ್ಡ ಭಾಗ ಅದು. ಆದವಾನಿ, ಆಲೂರು, ರಾಯದುರ್ಗ ಅದರಲ್ಲಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಮಡಕಶಿರಾ, ಪೆನುಕೊಂಡೆ, ಹಿಂದೂಪುರವೂ ಅದರಲ್ಲೇ ಇದ್ದವು. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಮಕ್ಕಳು ಏನು ಓದುತ್ತಾರೆ ಎಂದು ಕೇಳಿದ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಬಹಳ ಕಲೆಕ್ಟರುಗಳು ಅಂಕಿ ತುಂಬಿ ಕಳಿಸಿ ಕೈ ತೊಳೆದುಕೊಂಡರು. ಈತ ಮಾತ್ರ ಶಾಲೆಯೊಳಗೆ ಕೂತು ನೋಡಿದವನ ಹಾಗೆ ಬರೆದಿದ್ದಾನೆ.

ಅವನ ಲೆಕ್ಕದ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಅಂದರೆ ಸಾವಿರಕ್ಕೆ ಏಳು ಮಂದಿಯೂ ಇಲ್ಲ, ಒಂದು ಶಾಲೆಗೆ ಹನ್ನೆರಡು ಮಕ್ಕಳು. ಈ 533ರಲ್ಲಿ ಕನ್ನಡ ಶಾಲೆ 235, ತೆಲುಗು ಶಾಲೆ 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಕನ್ನಡಕ್ಕೂ ತೆಲುಗಿಗೂ ಇದ್ದ ಅಂತರ ಒಂಬತ್ತು ಶಾಲೆ ಮಾತ್ರ! ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ಯಾವ ಗಡಿ ಆಯೋಗವೂ ಇಲ್ಲದೆ, ಜನ ತಾವೇ ಕಟ್ಟಿಕೊಂಡಿದ್ದ ಶಾಲೆಗಳ ಲೆಕ್ಕ ಇದು. ಎರಡು ಭಾಷೆಯವರು ಸಮಸಮವಾಗಿ ಬಾಳಿದ ನೆಲ ನಮ್ಮದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಾಗಿಲ್ಲ.

ಶಾಲೆ ನಡೆಯುತ್ತಿದ್ದ ರೀತಿಯನ್ನು ಅವನು ಬಿಡಿಸಿ ಹೇಳಿದ್ದಾನೆ. ಮಗುವಿಗೆ ಐದು ವರ್ಷವಾದಾಗ ಗಣಪತಿಯ ಪೂಜೆ ಮಾಡಿ, ಅಕ್ಕಿಯ ಮೇಲೆ ಬೆರಳಿನಿಂದ ಬರೆಸಿ ಅಕ್ಷರಾಭ್ಯಾಸ. ಬೆಳಿಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಜಾಸ್ತಿ. ಕಡೆಯವನ ಕೈ ಏನಾಗಿರಬೇಕು! ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿದ ಮೇಲೆ ಹಲಗೆ ಅಥವಾ ಕಡತಕ್ಕೆ ಬರುತ್ತಿದ್ದರು. ಕಡತ ಎಂದರೆ ಇವತ್ತು ನಮಗೆ ಕಚೇರಿಯ ಫೈಲು. ಆಗ ಅದು ಬಟ್ಟೆಗೆ ಗಂಜಿ ಮತ್ತು ಇದ್ದಿಲಿನ ಲೇಪ ಹಚ್ಚಿ ಒಣಗಿಸಿ ಮಡಿಸಿದ ಕಪ್ಪು ಹಾಳೆ. ಅದರ ಮೇಲೆ ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯುವುದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಆ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಅದು ಇಲ್ಲಿಂದ ಇಂಗ್ಲೆಂಡಿಗೂ ಹೋಗಿದೆ ಎಂದು ನೆನಪಿಸಿದ್ದಾನೆ.

ಇನ್ನು ಪಾಠದ ಕ್ರಮಕ್ಕೆ ಬರೋಣ. ನನಗೆ ಬೇಕಾದದ್ದು ಇದೇ ಜಾಗ. ಮೊದಲು ಅಕ್ಷರ. ಆಮೇಲೆ ಕಾಗುಣಿತ, ಒತ್ತಕ್ಷರ. ಅದು ಮುಗಿದ ಮೇಲೆ ಮನುಷ್ಯರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು ಬರೆಯುವುದು. ಆಮೇಲೆ ಅಂಕಿ, ಮಗ್ಗಿ. ಅಲ್ಲಿಂದ ಮುಂದೆ ಬೇರೆ ಬೇರೆ ಕೈಬರಹದ ಕಾಗದಗಳನ್ನು ಓದುವುದು, ಕರಾರು ಪತ್ರ ಬರೆಯುವುದು, ಕಥೆ ಪುರಾಣ ಓದುವುದು, ಪದ್ಯ ಬಾಯಿಪಾಠ ಮಾಡುವುದು. ಗಮನಿಸಿ, ಮಗು ರಾಮ, ಬಳ್ಳಾರಿ, ಎತ್ತು ಎಂದು ಬರಿಯ ಹೆಸರು ಬರೆಯುತ್ತದೆ. ಅಲ್ಲಿಂದ ಒಂದೇ ಹಾರು ಹಾರಿ ಹಳಗನ್ನಡದ ಪದ್ಯಕ್ಕೆ ಬೀಳುತ್ತದೆ. ರಾಮನಿಗೆ, ಬಳ್ಳಾರಿಯಿಂದ, ಎತ್ತಿನ ಎಂಬ ಮೆಟ್ಟಿಲುಗಳು ಆ ಪಟ್ಟಿಯಲ್ಲಿ ಇಲ್ಲ.

ಅದರ ಫಲವನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಹುಡುಗರು ಪದ್ಯಗಳನ್ನು ಲೆಕ್ಕವಿಲ್ಲದಷ್ಟು ಒಪ್ಪಿಸುತ್ತಾರೆ, ಆದರೆ ಗಿಣಿಗೆ ತಿಳಿದಷ್ಟೇ ಅವರಿಗೆ ಅದರ ಅರ್ಥ ತಿಳಿದಿರುತ್ತದೆ ಎಂಬುದು ಅವನ ದೂರು. ಕಾರಣವನ್ನೂ ಹೇಳಿದ: ತೆಲುಗಾಗಲಿ ಕನ್ನಡವಾಗಲಿ, ಪುಸ್ತಕದ ಭಾಷೆ ಬೇರೆ, ಮಾತಿನ ಭಾಷೆ ಬೇರೆ. ಎರಡಕ್ಕೂ ಅಕ್ಷರ ಒಂದೇ ಆದ್ದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದುತ್ತಾನೆ, ತಿಳಿಯುವುದಿಲ್ಲ ಮಾತ್ರ. ಈತ ಬಾಯಿಗೆ ಬಂದದ್ದು ಬರೆದವನಲ್ಲ. 1816ರಲ್ಲೇ ತೆಲುಗು ವ್ಯಾಕರಣ ಬರೆದು ಅಚ್ಚು ಹಾಕಿಸಿದವನು. ತೆಲುಗು, ಕನ್ನಡ, ತಮಿಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ತಮ್ಮದೇ ಒಂದು ಬಳಗ ಎಂದು ಎಫ್. ಡಬ್ಲ್ಯೂ. ಎಲ್ಲಿಸ್ ಮೊದಲ ಬಾರಿಗೆ ಸಾಧಿಸಿ ತೋರಿಸಿದ ಬರಹ ಅಚ್ಚಾದದ್ದು ಆ ವ್ಯಾಕರಣದ ಮುಂಭಾಗದಲ್ಲಿಯೇ. ಅವನ ಮಾತನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಬಾಯಿಪಾಠಕ್ಕೂ ಒಂದು ಬೆಲೆ ಇದೆ, ನಮ್ಮ ಹಿರಿಯರು ಅದನ್ನು ಕಂಡವರು. ಜೊತೆಗೆ, ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಹೊಟ್ಟೆ ಬಡಿದದ್ದರಿಂದ, ಬಡತನದಿಂದ, ಇದ್ದ ಶಾಲೆಗಳೂ ಮುಚ್ಚುತ್ತಿವೆ ಎಂದು ತನ್ನ ಸರ್ಕಾರಕ್ಕೇ ಬರೆಯುವ ಧೈರ್ಯ ಅವನಿಗೆ ಇತ್ತು ಎಂಬುದನ್ನೂ ಹೇಳಬೇಕು.

ಹಾಗಾದರೆ ಕನ್ನಡದಲ್ಲಿ ಈ ಬಾಲಗಳ ಬಗ್ಗೆ ಯಾರೂ ಯೋಚಿಸಿರಲಿಲ್ಲವೇ? ಯೋಚಿಸಿದ್ದರು, ಮಕ್ಕಳಿಗಾಗಿ ಅಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆದಾಗ ಹಳಗನ್ನಡದ ಏಳು ವಿಭಕ್ತಿಗಳನ್ನು ಎಣಿಸಿ ಕೊಟ್ಟ. ನಾವು 'ಅಲ್ಲಿ' ಎನ್ನುವ ಕಡೆ ಅವನ ಕಾಲದಲ್ಲಿ 'ಒಳ್', ನಾವು 'ಇಂದ' ಎನ್ನುವ ಕಡೆ 'ಇಂ'. 1604ರಲ್ಲಿ ಭಟ್ಟಾಕಳಂಕದೇವ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ, 592 ಸೂತ್ರ. ಇವೆಲ್ಲ ಕವಿಗಳಿಗೆ, ಪಂಡಿತರಿಗೆ. ಮುಂದೆ ಶಾಲೆಯ ವ್ಯಾಕರಣ ಪುಸ್ತಕಗಳು ಬಂದಾಗ ಅದೇ ಏಳರ ಪಟ್ಟಿಯನ್ನು ಹೊಸಗನ್ನಡಕ್ಕೆ ಹೊಂದಿಸಿ ಮಕ್ಕಳ ಕೈಗೆ ಕೊಟ್ಟರು. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಇಗೆ ಕ್ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ. ನಮ್ಮ ವಯಸ್ಸಿನವರು ನಿದ್ದೆಯಲ್ಲಿ ಎಬ್ಬಿಸಿದರೂ ಇದನ್ನು ಹೇಳುತ್ತೇವೆ. ಆದರೆ 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ಯಾವ ತಾಯಿಯಾದರೂ ಮಗುವಿಗೆ ಹೇಳಿದ್ದುಂಟೇ? ಸಂಸ್ಕೃತದಲ್ಲಿ ಏಳು ಇದೆ ಎಂದು ಕನ್ನಡದಲ್ಲೂ ಏಳು ತುಂಬಿಸಿದ್ದು ಅದು, ಕನ್ನಡದಲ್ಲಿ ಪಂಚಮಿ ಎಂಬುದು ಬೇರೆಯಾಗಿ ಇಲ್ಲ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಕತ್ತಿಯಿಂದ ಕಡಿದರೂ 'ಇಂದ', ಮರದಿಂದ ಬಿದ್ದರೂ 'ಇಂದ'. ಭಟ್ಟರ ಎಲ್ಲ ಮಾತನ್ನು ಒಪ್ಪದವರೂ ಇದನ್ನು ಅಲ್ಲಗಳೆಯುವುದು ಕಷ್ಟ.

ಹೀಗೆ ಬಾಲವು ಪಾಠಶಾಲೆಗೆ ಬಂದರೂ ತಡವಾಗಿ ಬಂತು, ಬಾಯಿಪಾಠದ ಪಟ್ಟಿಯಾಗಿ ಬಂತು. ಮಗು ಅಕ್ಷರ ಕೂಡಿಸಿ ಒದ್ದಾಡುತ್ತಿರುವಾಗ ಅದರ ನೆರವು ಸಿಗಲಿಲ್ಲ. ನೆರವು ಬೇಕಿಲ್ಲದ ವಯಸ್ಸಿನಲ್ಲಿ, ಪರೀಕ್ಷೆಗೆಂದು ಸಿಕ್ಕಿತು.

ವಿಚಿತ್ರವೆಂದರೆ, ಶಾಲೆ ಹತ್ತು ವರ್ಷಕ್ಕೆ ಹೇಳಿಕೊಡುವುದನ್ನು ಮಗು ಮೂರು ನಾಲ್ಕು ವರ್ಷಕ್ಕೇ ಬಾಯಲ್ಲಿ ಇಟ್ಟುಕೊಂಡಿರುತ್ತದೆ. ಇದನ್ನು ಪರೀಕ್ಷೆ ಮಾಡಿ ತೋರಿಸಿದವರು ಅಮೆರಿಕದ ಜೀನ್ ಬರ್ಕೋ. 1958ರಲ್ಲಿ ಆಕೆ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಕ್ಕಿಯಂಥ ಒಂದು ಚಿತ್ರ ತೋರಿಸಿ, ಇದು ವಗ್ ಎಂದರು. ವಗ್ ಎಂಬ ಪ್ರಾಣಿ ಲೋಕದಲ್ಲೇ ಇಲ್ಲ, ಮಾತೂ ಹುಟ್ಟಿಸಿದ್ದು. ಈಗ ಎರಡು ಇವೆ, ಏನೆನ್ನಬೇಕು ಎಂದು ಕೇಳಿದಾಗ ಮಕ್ಕಳು ಅದಕ್ಕೆ ಇಂಗ್ಲಿಷಿನ ಬಹುವಚನದ ಬಾಲವನ್ನು ತಾವೇ ಅಂಟಿಸಿ ಹೇಳಿದರು. ಎಂದೂ ಕೇಳದ ಮಾತಿಗೆ ಬಾಲ ಹಚ್ಚಬೇಕಾದರೆ ಅದು ಗಿಣಿಪಾಠವಾಗಿರಲು ಸಾಧ್ಯವಿಲ್ಲ. ಮಗುವಿನ ತಲೆಯಲ್ಲಿ ನಿಯಮವೇ ಕೂತಿದೆ ಎಂದಾಯಿತು.

ಕನ್ನಡದಲ್ಲಿ ಇದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಒಂದು ಗಂಡು ಬೊಂಬೆಗೆ ಟಿಬ್ಬ ಎಂದು ಹೆಸರಿಡಿ, ಹಣ್ಣನ್ನು ಯಾರಿಗೆ ಕೊಡೋಣ ಎಂದು ಕೇಳಿ. 'ಟಿಬ್ಬನಿಗೆ' ಅಥವಾ 'ಟಿಬ್ಬಂಗೆ' ಎನ್ನುತ್ತದೆ ಮಗು. ಅದೇ ಟಿಬ್ಬ ಎಂಬುದು ಒಂದು ಆಟದ ಬಂಡಿಯ ಹೆಸರು ಎಂದು ಹೇಳಿ, ಬಣ್ಣ ಯಾವುದಕ್ಕೆ ಬಳಿಯೋಣ ಎಂದು ಕೇಳಿ. 'ಟಿಬ್ಬಕ್ಕೆ' ಎನ್ನುವ ಮಗುವೂ ಇರುತ್ತದೆ, ಇನ್ನೂ ತಡವರಿಸುವ ಮಗುವೂ ಇರುತ್ತದೆ. ಗಂಡಸಿನ ಹೆಸರಿಗೆ ಒಂದು, ಮರ, ಹೊಲ, ಪುಸ್ತಕಗಳಂಥ ವಸ್ತುವಿಗೆ ಇನ್ನೊಂದು ಎಂಬ ಈ ಭೇದವನ್ನು ನಾವು ಯಾರೂ ಮಗುವಿಗೆ ಕೂರಿಸಿ ಹೇಳಿಕೊಟ್ಟಿಲ್ಲ. ನಮಗೇ ಅದು ಗೊತ್ತಿದೆ ಎಂದು ಗೊತ್ತಿರಲಿಲ್ಲ!

ಎರಡು ಭಾಷೆಯ ಮನೆಯವರು ಕೇಳಲೇಬೇಕಾದ ಇನ್ನೊಂದು ಸಂಗತಿ ಆಗಿನ ಯುಗೊಸ್ಲಾವಿಯಾದ್ದು. ಆ ದೇಶ ಈಗ ಇಲ್ಲ. ಆ ಜಾಗ ಇಂದಿನ ಸರ್ಬಿಯಾದಲ್ಲಿದೆ, ವೊಯ್ವೊದಿನಾ ಎಂದು ಹೆಸರು. ಹಂಗೇರಿಯ ಗಡಿಗೆ ಹತ್ತಿಕೊಂಡ ಸೀಮೆ. ಅಲ್ಲಿ ಮನೆಯಲ್ಲಿ ಹಂಗೇರಿಯನ್ನೂ ಸರ್ಬಿಯನ್ನೂ ಕೂಡಿಯೇ ಕಲಿಯುವ ಕೂಸುಗಳನ್ನು ಮೆಲಾನಿ ಮಿಕೆಶ್ ಎಂಬ ವಿದ್ವಾಂಸೆ 1960ರ ದಶಕದಲ್ಲಿ ಗಮನಿಸಿದರು. ಹಂಗೇರಿಯನ್ ಭಾಷೆ ನಮ್ಮ ಕನ್ನಡದ ಹಾಗೆ, ಮನೆಯಲ್ಲಿ, ಮನೆಯೊಳಕ್ಕೆ, ಮನೆಯಿಂದ ಎನ್ನಲು ಮಾತಿನ ಕೊನೆಗೆ ಬನ್, ಬ, ಬೋಲ್ ಎಂದು ಬಾಲ ಹಚ್ಚುತ್ತದೆ. ಸರ್ಬಿಯನ್ ಭಾಷೆಯಲ್ಲಿ ಮಾತಿನ ಮುಂದೆ ಒಂದು ತುಂಡು ಬೇಕು, ಕೊನೆಯೂ ಬದಲಾಗಬೇಕು. ಎರಡು ವರ್ಷವೂ ತುಂಬದ ಆ ಮಕ್ಕಳು ಹಂಗೇರಿಯನ್ನಿನ ಬಾಲಗಳನ್ನು ಸರಿಯಾಗಿ ಬಳಸುತ್ತಿದ್ದವು, ಅದೇ ಅರ್ಥವನ್ನು ಸರ್ಬಿಯನ್ನಿನಲ್ಲಿ ಹೇಳಲು ಇನ್ನೂ ಬಾರದು. ಮಗು ಒಂದೇ, ಬುದ್ಧಿ ಒಂದೇ. ಹೇಳಬೇಕಾದ ಅರ್ಥವೂ ತಲೆಯಲ್ಲಿದೆ. ಬಾಲವಿರುವ ಭಾಷೆ ಮೊದಲು ಬಾಯಿಗೆ ಬಂತು. ಅಮೆರಿಕದ ಡ್ಯಾನ್ ಸ್ಲೋಬಿನ್ 1973ರಲ್ಲಿ ಇದನ್ನು ಬೇರೆ ಅನೇಕ ಭಾಷೆಗಳ ಜೊತೆ ತೂಗಿ ನೋಡಿ, ಎಳೆಯ ಮಕ್ಕಳು ಮಾತಿನ ಕೊನೆಗೆ ವಿಶೇಷವಾಗಿ ಕಿವಿಗೊಡುತ್ತಾರೆ ಎಂಬ ತೀರ್ಮಾನಕ್ಕೆ ಬಂದರು.

ನಮ್ಮ ಗಡಿಯ ಮಕ್ಕಳ ಪಾಲಿಗೆ ಇದು ಒಂದು ಅನುಕೂಲ. ಕನ್ನಡವೂ ಬಾಲದ ಭಾಷೆ, ತೆಲುಗೂ ಬಾಲದ ಭಾಷೆ. ಇನ್ನೊಂದು ಮೂಲೆಯ ತಾಳವಾಡಿಯವರಿಗೆ ತಮಿಳು, ಕಾಸರಗೋಡಿನವರಿಗೆ ಮಲೆಯಾಳ, ಅವೂ ಹಾಗೆಯೇ. ಬೇರೆ ಬಳಗಕ್ಕೆ ಸೇರಿದ ಮರಾಠಿ ಕೂಡ ಘರಾತ್, ಘರಾಲಾ ಎಂದು ಹಿಂದೆಯೇ ಬಾಲ ಹಚ್ಚುವುದರಿಂದ ಅಕ್ಕಲಕೋಟೆ, ಜತ್ತದ ಕೇಳುಗರೂ ಹೊರಗಿನವರಲ್ಲ. ಕನ್ನಡದ ಗೆ, ಕ್ಕೆ. ತೆಲುಗಿನ ಕಿ, ಕು. ತಮಿಳಿನ ಕ್ಕು: ಇವು ಒಂದೇ ತಾಯಿಯ ಮಕ್ಕಳು. ಎರಡು ಭಾಷೆ ಕೂಡಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಹೆದರಿಸುವವರು ಇದ್ದಾರೆ. ಊರಿಗೆ, ಊರಿಕಿ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲ ಮಗುವಿಗೆ ಮಾತನ್ನು ಎಲ್ಲಿ ಕತ್ತರಿಸಬೇಕು ಎಂಬುದು, ಒಂದೇ ಭಾಷೆಯ ಮಗುವಿಗಿಂತ ಸುಲಭವಾಗಿ ಕಾಣಬೇಕು ಎಂಬುದು ನನ್ನ ಎಣಿಕೆ.

ಕತ್ತರಿಸುವ ಮಾತು ಬಂತು. ಕನ್ನಡದ ಓದಿನಲ್ಲಿ ತೊಡಕು ಇರುವುದೂ ಅಲ್ಲೇ. ಊರು, ಅದಕ್ಕೆ ಇಗೆ ಸೇರಿದರೆ ಊರಿಗೆ. ಬರೆಯುವಾಗ ರುವಿನ ಕೊಂಬು ಹೋಯಿತು, ಇಗೆಯಲ್ಲಿದ್ದ ಇ ಬಂದು ರಕಾರದ ತಲೆಯ ಮೇಲೆ ಗುಡಿಸಾಗಿ ಕೂತಿತು. ರಿ ಎಂಬ ಒಂದೇ ಅಕ್ಷರದೊಳಗೆ ಅರ್ಧ ಊರಿದೆ, ಅರ್ಧ ಬಾಲವಿದೆ. ಮನೆಗೆ ಅಲ್ಲಿ ಸೇರಿದರೆ ನಡುವೆ ಎಲ್ಲಿಂದಲೋ ಯಕಾರ ಬಂದು ಮನೆಯಲ್ಲಿ ಆಗುತ್ತದೆ. ಅ ಅರಸ ಎಂದು ಕಲಿತ ಮಗು ಊರಲ್ಲಿ ಎಂಬ ಮಾತಿನಲ್ಲಿ ಆ ಅ ಎಲ್ಲಿದೆ ಎಂದು ಹುಡುಕಿದರೆ ಸಿಗದು, ಅದು ರಕಾರದಲ್ಲಿ ಕರಗಿಹೋಗಿದೆ. ಲೋಪ, ಆಗಮ ಎಂದು ಕೇಶಿರಾಜನ ಕಾಲದಿಂದ ಇದಕ್ಕೆ ಹೆಸರಿದೆ. ಹೆಸರು ಆರು ವರ್ಷದ ಮಗುವಿಗೆ ಯಾತಕ್ಕೂ ಬಾರದು. ಅದು ಊ, ರ, ಲ್ಲಿ ಎಂದು ಬೆರಳಿಟ್ಟು ಓದುತ್ತ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ.

ನಮ್ಮ ಲಿಪಿಯ ಅಕ್ಷರಗಳು ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು. ಒತ್ತಕ್ಷರ ಬೇರೆ. ಕನ್ನಡ ಶಾಲೆಯ ಮಕ್ಕಳನ್ನು ಪರೀಕ್ಷಿಸಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರಗಳ ಮೇಲೆ ಹಿಡಿತ ಸಿಗುವುದು ಒಂದೆರಡು ವರ್ಷದ ಕೆಲಸವಲ್ಲ, ನಾಲ್ಕನೆಯ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಅಷ್ಟು ವರ್ಷ ಮಗು ಕೈಕಟ್ಟಿ ಕೂರಬೇಕೇ? ಯಲ್ಲಿ, ನಲ್ಲಿ, ದಲ್ಲಿ ಎಂದು ಕಿವಿಗೆ ಮೊದಲೇ ಪಳಗಿದ್ದರೆ, ಪುಟದ ಮೇಲೆ ಲ್ಲಿ ಕಂಡ ಕೂಡಲೇ ಮಾತಿನ ಕೊನೆ ಬಂತು ಎಂದು ಕಣ್ಣು ಹಿಡಿದುಬಿಡುತ್ತದೆ. ಮಗುವಿನ ಶ್ರಮ ಅರ್ಧ ಇಳಿದ ಹಾಗೆ.

ಇದು ನನ್ನ ಊಹೆ ಮಾತ್ರ ಎಂದು ಬಿಡಬೇಡಿ. ನಾರ್ವೆ ದೇಶದಲ್ಲಿ ಮಕ್ಕಳು ತಡವಾಗಿ ಶಾಲೆಗೆ ಸೇರುತ್ತಿದ್ದ ಕಾಲದಲ್ಲಿ, ಲಿಸ್ಟರ್ ಎಂಬ ವಿದ್ವಾಂಸೆ ಶಿಶುವಿಹಾರದ ಮಕ್ಕಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಮಾತಿನ ಅರ್ಥವುಳ್ಳ ತುಂಡುಗಳನ್ನು, ಅಂದರೆ ಜೋಡುಪದ, ಮುಂದಿನ ತುಂಡು, ಹಿಂದಿನ ಬಾಲಗಳನ್ನು ಬಿಡಿಸಿ ಕೂಡಿಸುವ ಆಟ. ಇನ್ನೊಂದಕ್ಕೆ ಬರೀ ಧ್ವನಿಗಳ ಆಟ. ಮತ್ತೊಂದಕ್ಕೆ ಎಂದಿನ ಶಿಶುವಿಹಾರ. ಶಾಲೆ ಸೇರಿದ ಮೇಲೆ ಮೊದಲ ಎರಡು ಗುಂಪಿನವರೂ ಓದಿನಲ್ಲಿ ಮುಂದಿದ್ದರು ಎಂದು 2002ರಲ್ಲಿ ಪ್ರಕಟವಾಯಿತು. ಅದಕ್ಕಿಂತ ದೊಡ್ಡದು 2016ರಲ್ಲಿ ಬಂದ ಮುಂದಿನ ವರದಿ. ಸುಮಾರು ಆರು ವರ್ಷ ಕಳೆದ ಮೇಲೂ, ಮಾತಿನ ತುಂಡುಗಳ ಆಟ ಆಡಿದ್ದ ಮಕ್ಕಳು ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಮುಂದೆಯೇ ಇದ್ದರು. ನಾರ್ವೆ ಎಲ್ಲಿ, ನಮ್ಮ ರಾಯದುರ್ಗ ಎಲ್ಲಿ ಎನ್ನಬಹುದು. ನಾರ್ವೆಯವರ ಭಾಷೆಗಿಂತ ನಮ್ಮದರಲ್ಲಿ ಬಾಲ ಹೆಚ್ಚು ಎಂಬುದನ್ನು ಮಾತ್ರ ನೆನಪಿಡಿ. ಇಂಗ್ಲೆಂಡಿನಲ್ಲಿ ತೆರೆಜಿನ್ಹಾ ನೂನೆಸ್ ಮತ್ತು ಪೀಟರ್ ಬ್ರಯಂಟ್ ಶಾಲಾ ಮಕ್ಕಳಿಗೆ ಪದದ ಬಾಲಗಳನ್ನು ಕಲಿಸಿ ಕಾಗುಣಿತದ ತಪ್ಪು ಕಡಿಮೆ ಮಾಡಬಹುದೆಂದು 2006ರಲ್ಲಿ ಪುಸ್ತಕವನ್ನೇ ತಂದರು.

ಇನ್ನು ನಮ್ಮ ನೆಲದ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿಯ ಏಳು ತಾಲ್ಲೂಕು ಮೈಸೂರಿಗೆ ಸೇರಿತು; ಆದವಾನಿ, ಆಲೂರು, ರಾಯದುರ್ಗ ಮೂರು ಆಂಧ್ರದಲ್ಲಿ ಉಳಿದವು. 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎಂದು ಅದು ಹೇಳುತ್ತದೆ. ಆ ಬಲದ ಮೇಲೆ ಗಡಿಯಲ್ಲಿ ಕನ್ನಡ ಶಾಲೆಗಳು ನಿಂತವು. ಆದರೆ ಆ ವಿಧಿ ಹೇಳುವುದು ಪ್ರಾಥಮಿಕ ಹಂತ. ಅದಕ್ಕೂ ಮುಂಚಿನ ಮೂರು ವರ್ಷಗಳ ಮಾತು ಅದರಲ್ಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಅಂಗನವಾಡಿ ಯೋಜನೆ ಪ್ರಾರಂಭವಾಗಿ, ಕ್ರಮೇಣ ಹಳ್ಳಿಹಳ್ಳಿಗೂ ಬಂತು. ಮೂರರಿಂದ ಆರು ವರ್ಷದ ಮಕ್ಕಳು ಕೂರುವುದು ಅಲ್ಲಿ. ಹಿಟ್ಟು, ಮೊಟ್ಟೆ, ಚುಚ್ಚುಮದ್ದಿನ ಲೆಕ್ಕದಲ್ಲಿ ಅಕ್ಕನವರ ದಿನ ಮುಗಿಯುತ್ತದೆ, ಅದು ಅವರ ತಪ್ಪಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ವರ್ಷದಿಂದಲೇ ಕಲಿಕೆಯನ್ನು ಎಣಿಸಿತು, ಮನೆಯ ಭಾಷೆಗೆ ಒತ್ತು ಕೊಟ್ಟಿತು. ಕಾಗದದ ಮೇಲೆ ಚೆನ್ನಾಗಿದೆ. ತೆಲುಗು ಮಾತ್ರ ಬಲ್ಲ ಅಕ್ಕ, ಕನ್ನಡ ಮಾತ್ರ ಬಲ್ಲ ಕೂಸು ಎದುರುಬದುರು ಕೂತಾಗ ಕಾಗದ ಏನು ಮಾಡೀತು?

ಇಲ್ಲಿ ಇನ್ನೊಂದು ಮುಳ್ಳೂ ಇದೆ. ನಮ್ಮ ಮಗು ಮನೆಯಲ್ಲಿ 'ಮನ್ಯಾಗೆ ಐತೆ', 'ಊರಾಗೆ ಜಾತ್ರೆ' ಎನ್ನುತ್ತದೆ. ಶಾಲೆಗೆ ಹೋದ ಮೊದಲ ದಿನವೇ ಅದು ತಪ್ಪು, 'ಮನೆಯಲ್ಲಿ' ಎನ್ನು ಎಂದು ತಿದ್ದುವವರಿದ್ದಾರೆ. ತಪ್ಪು ಯಾವುದು? 'ಆಗೆ' ಎಂಬುದೂ ಬಾಲವೇ, 'ಅಲ್ಲಿ' ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಕೇಶಿರಾಜನ ಮುಂದೆ 'ಮನೆಯಲ್ಲಿ' ಎಂದಿದ್ದರೆ ಅವನೂ ಹುಬ್ಬೇರಿಸುತ್ತಿದ್ದನೋ ಏನೋ, ಅವನ ವ್ಯಾಕರಣ ಎಣಿಸಿದ್ದು 'ಒಳ್' ಅನ್ನು. ಬಾಲ ಕಾಲದಿಂದ ಕಾಲಕ್ಕೆ, ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮನೆಯ ಬಾಲವನ್ನು ಹೀಯಾಳಿಸಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. 'ಮನ್ಯಾಗೆ ಅಂತೀವಿ, ಪುಸ್ತಕದಾಗೆ ಮನೆಯಲ್ಲಿ ಅಂತ ಬರೀತಾರೆ, ತೆಲುಗಿನಾಗೆ ಇಂಟ್ಲೋ ಅಂತಾರೆ' ಎಂದು ಮೂರನ್ನೂ ಸಾಲಾಗಿ ಇಟ್ಟರೆ ಮಗು ಮೂರನ್ನೂ ಎತ್ತಿಕೊಳ್ಳುತ್ತದೆ. ಕನ್ನಡ ಶಾಲೆಗೆ ಮಗು ನಿಲ್ಲುವುದೋ, ಎರಡನೇ ತರಗತಿಗೆ ಬೇರೆ ಶಾಲೆಗೆ ಓಡುವುದೋ ಎಂಬುದು ಬಹಳ ಸಲ ಇಂಥ ಸಣ್ಣ ಕಡೆಯಲ್ಲೇ ತೀರ್ಮಾನವಾಗುತ್ತದೆ.

ಮನೆಯಲ್ಲಿ ಅಜ್ಜಿಯರು, ಅಂಗನವಾಡಿಯಲ್ಲಿ ಅಕ್ಕನವರು ಮಾಡಬಹುದಾದದ್ದಕ್ಕೆ ಖರ್ಚೇನೂ ಇಲ್ಲ. ವಿಭಕ್ತಿ, ಪ್ರತ್ಯಯ ಎಂಬ ಹೆಸರು ಎತ್ತಬೇಡಿ, ಬರೆಸಲೂ ಬೇಡಿ. ಒಂದು ಡಬ್ಬಿ, ಒಂದು ಕಡಲೆಕಾಯಿ ಸಾಕು. ಕಾಯಿ ಎಲ್ಲೈತಿ? ಡಬ್ಬಿಯಾಗೆ. ಎಲ್ಲಿಂದ ತೆಗೆದೆ? ಡಬ್ಬಿಯಿಂದ. ಮುಚ್ಚಳ ಯಾವುದರದ್ದು? ಡಬ್ಬಿಯದು. ಕಾಯಿ ಎಲ್ಲಿಗೆ ಹೋತು? ಬಾಯಿಗೆ! ಬಾಲ ಬಂದಾಗಲೆಲ್ಲ ಒಂದು ಚಪ್ಪಾಳೆ. ಆಮೇಲೆ ತಿರುಗಿಸಿ, ಅಜ್ಜಿ ಬೇಕೆಂದೇ ತಪ್ಪು ಬಾಲ ಹಚ್ಚಬೇಕು: 'ನಾನು ನೀರಿಗೆ ಕುಡಿದೆ'. ಮಕ್ಕಳು ನಕ್ಕು ತಿದ್ದಲಿ. ಕಥೆ ಹೇಳುವಾಗ ಮಾತಿನ ತಲೆ ಹೇಳಿ ಬಾಲವನ್ನು ಮಕ್ಕಳಿಗೆ ಬಿಡಬಹುದು. 'ನರಿ ಬಾವಿ...' ಎಂದು ನಿಲ್ಲಿಸಿದರೆ ಒಂದು ಮಗು 'ಬಾವಿಗೆ ಬಿತ್ತು' ಎನ್ನುತ್ತದೆ, ಇನ್ನೊಂದು 'ಬಾವಿಯಿಂದ ಎದ್ದುಬಂತು' ಎನ್ನುತ್ತದೆ. ಕಥೆ ಎರಡು ದಿಕ್ಕಿಗೆ ಓಡುತ್ತದೆ. ತೆಲುಗು ಮನೆಯ ಮಗು 'ಬಾವಿಲೋ' ಎಂದರೆ ಅದನ್ನೂ ಕೂಡಿಸಿಕೊಳ್ಳಿ.

ಐದೂವರೆ ವರ್ಷದ ಹೊತ್ತಿಗೆ, ಅಕ್ಷರ ಕೆಲವು ಪರಿಚಯವಾದ ಮೇಲೆ, ಹಳೆಯ ಲಗ್ನಪತ್ರಿಕೆಯ ಹಿಂಬದಿಯನ್ನು ಚೀಟಿ ಮಾಡಿ ಗೆ, ಇಂದ, ಲ್ಲಿ ಎಂದು ದಪ್ಪಗೆ ಬರೆಯಿರಿ. ಮಗು ಮಾತು ಹೇಳಿದಂತೆ ಸರಿಯಾದ ಚೀಟಿ ಎತ್ತಲಿ. ಬಸ್‌ಸ್ಟ್ಯಾಂಡಿಗೆ ಕರೆದೊಯ್ದಾಗ, ಕನ್ನಡ ಬೋರ್ಡಿನ ಬಸ್ಸು ಬಂದರೆ, ಬಳ್ಳಾರಿಯಿಂದ ರಾಯದುರ್ಗಕ್ಕೆ ಎಂಬಲ್ಲಿ ಊರಿನ ಹೆಸರು ಓದಲು ಬಾರದಿದ್ದರೂ ಪರವಾಗಿಲ್ಲ, ಆ ಕ್ಕೆ ಎಲ್ಲಿದೆ ತೋರಿಸು ಎನ್ನಿ. ಬಸ್ಸು ಎತ್ತ ಹೋಗುತ್ತದೆ ಎಂಬುದನ್ನು ಅದು ಹುಡುಕಿ ಹೇಳಲಿ.